ಬಿಚ್ಚಿಬಿಡ್ರಿ ಎನ್ನುತ್ತಿದ್ದ ಅಕ್ಕ

ಅಕ್ಕ ಯಾರ ಮನೆಯ ಕೊಟ್ಟಿಗೆಗೆ ಕಾಲಿಟ್ಟರೂ ಮೊದಲು ಕೈ ಹಾಕುತ್ತಿದ್ದದ್ದು ದನ ಕಟ್ಟಿದ ಗಂಟಿಗೆ. ಒಂದೇ ಕೈಯಲ್ಲಿ ಎಳೆದರೆ ಗಂಟು ಬಿಚ್ಚಿಕೊಂಡರೆ ಸರಿ, ಇಲ್ಲದಿದ್ದರೆ ಆ ಮನೆಯ ಯಜಮಾನನಿಗೆ ಅವತ್ತು ಮಂಗಳಾರತಿ. ಚಹಾ ಬಂದರೂ ಕುಡಿಯುತ್ತಿರಲಿಲ್ಲ. ಗಂಟು ಬದಲಿಸಿ ಕಟ್ಟಿಸಿ, ತಾವೇ ಎಳೆದು ನೋಡಿ, ಆಮೇಲೆ ಆರಿದ ಚಹಾವನ್ನು ಗಟಗಟ ಕುಡಿದು ಎದ್ದು ಬರುತ್ತಿದ್ದರು. ನಾಲ್ಕು ಮನೆ ನೋಡುವಷ್ಟರಲ್ಲಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ನಾನು ಪಶುವೈದ್ಯ, ಮೂಗಿನ ಮೇಲೇ ಸಿಟ್ಟು ಇಟ್ಟುಕೊಂಡವನು. ಗಂಟು ನೋಡಲು ನಾನೇಕೆ ಬರಬೇಕು ಎಂದು ಜೀಪಿನಲ್ಲೇ ಕೂತು ಗೊಣಗುತ್ತಿದ್ದೆ.

ಅಕ್ಕ ಹೋದ ಬೇಸಿಗೆಯಲ್ಲಿ ಕಾಮಾಲೆಯಾಗಿ ತೀರಿಕೊಂಡರು. ನೀರಿನಲ್ಲಿ, ಗುಂಡಿಯಲ್ಲಿ, ಉದ್ರೇಕಗೊಂಡ ಜನರ ನಡುವೆ ಎಷ್ಟೋ ಸಲ ಹೋಗಬೇಕಾಗಿದ್ದ ಜೀವ, ಕಂಗ್ಟಿ ಊರಿನಲ್ಲಿದ್ದ ತಮ್ಮನ ಮನೆಯ ಹೊರಸಿನ ಮೇಲೆ ಸದ್ದಿಲ್ಲದೆ ಹೋಯಿತು. ಆದರೆ ಈ ಸಲವೂ ಮೋಡ ಕಟ್ಟಿದ ಕೂಡಲೇ ಮಂಜೀರಾ ದಂಡೆಯ ಹಳ್ಳಿಗಳಿಂದ ನನಗೆ ಫೋನ್ ಬರತೊಡಗಿತು. ಅಕ್ಕ ಯಾವಾಗ ಬರುತ್ತಾರೆ ಎಂದು ಕೇಳುತ್ತಾರೆ. ಇಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಕಂಗ್ಟಿಯ ಒಕ್ಕಲುತನದ ಮನೆಯವರು. ಜಹೀರಾಬಾದಿನ ಒಂದು ಸಣ್ಣ ಪ್ರಾಣಿದಯಾ ಸಂಘದಲ್ಲಿ ಕೆಲಸ. ದನ ಬಾವಿಗೆ ಬಿತ್ತು, ಕತ್ತೆಗೆ ಕಾಯಿಸಿ ಬರೆ ಹಾಕಿದರು, ಹೊಳೆ ಬಂತು ಎಂದು ಯಾರು ಕರೆದರೂ ಓಡಬೇಕಾದ ಕೆಲಸ ಅದು. ಎತ್ತರದ ಆಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಳಗೆ ಗಂಡಸರ ಪೈಜಾಮ ಹಾಕುತ್ತಿದ್ದರು. ಹೆಗಲಿಗೆ ಒಂದು ಕ್ಯಾನ್ವಾಸ್ ಚೀಲ. ಅದರಲ್ಲಿ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿ, ಹಗ್ಗ, ಒಂದು ಪೊಟ್ಟಣ ಭಂಡಾರ ಎಂದರೆ ದೇವರ ಅರಿಶಿನ, ಒಂದು ಗಟ್ಟಿ ವಿಭೂತಿ. ಔಷಧಿಗಿಂತ ಆ ಭಂಡಾರ, ವಿಭೂತಿಯೇ ಅವರಿಗೆ ಹೆಚ್ಚು ಕೆಲಸಕ್ಕೆ ಬರುತ್ತಿದ್ದವು ಎಂದರೆ ನೀವು ನಗಬಹುದು. ನಾನೂ ನಕ್ಕವನೇ.

ನಮ್ಮ ಕಡೆ ಹೊಳೆ ಬಂದಾಗ ದನ ಸಾಯುವುದು ಈಜು ಬಾರದೆ ಅಲ್ಲ. ಎಮ್ಮೆ, ಆಕಳು, ಎತ್ತು ಎಲ್ಲಕ್ಕೂ ಈಜು ಬರುತ್ತದೆ. ಸಾಯುವುದು ಕಟ್ಟಿದ್ದಕ್ಕೆ. ಜನ ಮಕ್ಕಳನ್ನು ಎತ್ತಿಕೊಂಡು ಶಾಲೆಯ ಕಟ್ಟಡಕ್ಕೆ ಓಡುತ್ತಾರೆ, ದನಗಳನ್ನು ಗೂಟಕ್ಕೆ ಇನ್ನೊಂದು ಸುತ್ತು ಬಿಗಿದೇ ಹೋಗುತ್ತಾರೆ. ಪ್ರೀತಿ ಇಲ್ಲವೆಂದಲ್ಲ. ಬಿಟ್ಟರೆ ಮಂದಿಯ ಹೊಲ ಹೊಗುತ್ತವೆ. ಮಂದಿಯ ಬೆಳೆ ಮೇಯ್ದ ದನದ ಮನೆಯವರು ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಹೊಳೆ ನಾಲ್ಕು ದಿನದಲ್ಲಿ ಇಳಿಯುತ್ತದೆ, ಜಗಳ ನಾಲ್ಕು ತಲೆಮಾರು ಇಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಹಾಗಾಗಿ ಮರ್ಯಾದೆಗೆ ಅಂಜಿ ಬಿಗಿದ ಹಗ್ಗವೇ ದನದ ಕುತ್ತಿಗೆಗೆ ಉರುಲಾಗುತ್ತಿತ್ತು.

ಅಕ್ಕ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕಾರಹುಣ್ಣಿಮೆ ಮುಗಿದ ಮೇಲೆ ಹೊಳೆದಂಡೆಯ ಊರೂರಿಗೆ ಹೋಗಿ ಕಟ್ಟೆಯ ಮೇಲೆ ಕೂರುವರು. ಅಕ್ಕಪಕ್ಕದ ಹೊಲದವರನ್ನು ಜೋಡಿ ಜೋಡಿಯಾಗಿ ಕರೆಸುವರು. ನೀರು ಏರಿದ ದಿನ ಯಾರ ದನ ಯಾರ ಹೊಲ ಹೊಕ್ಕರೂ ಜಗಳವಿಲ್ಲ, ಕೇಳುವುದಿಲ್ಲ, ಹೇಳುವುದಿಲ್ಲ ಎಂದು ಮಾತು ತೆಗೆದುಕೊಳ್ಳುವರು. ಆಣೆಗೆ ಭಂಡಾರ ಮುಟ್ಟುವವರಿಗೆ ಭಂಡಾರ, ವಿಭೂತಿ ಹಚ್ಚುವ ಮನೆತನದವರಿಗೆ ವಿಭೂತಿ. ಅದು ಮುಗಿದ ಮೇಲೆ ಒಂದೇ ಮಾತು: ನೀರು ಕಂಡ ಕೂಡಲೇ ಬಿಚ್ಚಿಬಿಡ್ರಿ, ಆಮೇಲೆ ನೀವು ಓಡ್ರಿ.

ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಇಲಾಖೆಯ ಪದ್ಧತಿ. ಬೆಂಕಿ ಬೀಳುವ ಮೊದಲೇ ಬಾವಿ ತೋಡುವ ಈ ಹೆಂಗಸನ್ನು ಕಂಡರೆ ನನಗೆ ಮೊದಮೊದಲು ಆಗುತ್ತಿರಲಿಲ್ಲ.

ಆಕೆ ಮೆತ್ತಗಿನವರೂ ಆಗಿರಲಿಲ್ಲ. ಒಮ್ಮೆ ಜಹೀರಾಬಾದಿನ ಹೆದ್ದಾರಿಯಲ್ಲಿ ದನ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಕಾಲೂರಲು ಜಾಗವಿಲ್ಲದಂತೆ ಒತ್ತಿದ್ದರು, ಕೆಳಗೆ ಬಿದ್ದವನ್ನು ಮೇಲಿನವು ತುಳಿಯುತ್ತಿದ್ದವು. ಮಟಮಟ ಮಧ್ಯಾಹ್ನ. ನಾವು ಹೋಗುವಷ್ಟರಲ್ಲಿ ಜನ ಸೇರಿ ಡ್ರೈವರನನ್ನು ಕೆಳಗೆ ಎಳೆದಿದ್ದರು. ವಯಸ್ಸಾದ ಮನುಷ್ಯ, ಅಂಗಿ ಹರಿದಿತ್ತು. ಒಬ್ಬನ ಕೈಯಲ್ಲಿ ಕಲ್ಲಿತ್ತು. ಪೊಲೀಸರು ಇನ್ನೂ ಬಂದಿರಲಿಲ್ಲ. ಅಕ್ಕ ಹೋಟೆಲಿನ ತೊಟ್ಟಿಯಿಂದ ಬಕೆಟ್ ತುಂಬಿ ತಂದು ನೇರವಾಗಿ ಆ ಡ್ರೈವರನ ಕೈಗೆ ಕೊಟ್ಟು, ಲಾರಿ ಹತ್ತಿ ನೀರು ಕುಡಿಸು ಎಂದರು. ಆಮೇಲೆ ಕಲ್ಲು ಹಿಡಿದವನ ಕಡೆ ತಿರುಗಿದರು.

“ಇವನಿಗಿ ಹೊಡ್ಯೋರು ಮೊದಲ ಇವನ ಕೈಯಾಗಿನ ಬಕೀಟು ಇಸ್ಕೋರಿ. ನೀರು ನಿಲ್ಲಬಾರದು.”

ಯಾರೂ ಬಕೆಟ್ ಇಸಿದುಕೊಳ್ಳಲಿಲ್ಲ. ಅರ್ಧ ಗಳಿಗೆ ಹಾಗೇ ನಿಂತ ಜನರಲ್ಲಿ ಇಬ್ಬರು ಮೂವರು ನಾಚಿಕೊಂಡು ತಾವೂ ನೀರು ಹೊತ್ತರು. ಪೊಲೀಸರು ಬಂದರು, ಕೇಸಾಯಿತು, ಡ್ರೈವರ್ ಜೀವಂತ ಠಾಣೆಗೆ ಹೋದ. ಅವನ ಮೇಲೆ ಸಾಕ್ಷಿ ಹೇಳಿದವರೂ ಅಕ್ಕನೇ. ಅವನ ಜೀವ ಉಳಿಸಿದ್ದು ಬೇರೆ, ಅವನು ಮಾಡಿದ್ದು ಬೇರೆ ಎನ್ನುತ್ತಿದ್ದರು.

ಅವರದ್ದೊಂದು ವಿಚಿತ್ರ ರೂಢಿ ಇತ್ತು. ದನ ಉಳಿದ ಕಡೆ ನಿಲ್ಲುತ್ತಲೇ ಇರಲಿಲ್ಲ. ಪೆದ್ದೆಮುಲ್ ಹತ್ತಿರ, ನಾನು ತಾಂಡೂರಿನಲ್ಲಿದ್ದಾಗ, ಬಿಟ್ಟುಹೋದ ಹಾಸುಗಲ್ಲಿನ ಗಣಿಯೊಂದಕ್ಕೆ ಜೋಡೆತ್ತುಗಳು ಬಿದ್ದವು. ಆ ಕಡೆ ಅಂಥ ಗಣಿಗಳು ಬಾಯಿ ತೆರೆದುಕೊಂಡು ಬಿದ್ದಿರುತ್ತವೆ, ಮಳೆಗೆ ತುಂಬುತ್ತವೆ. ಕಲ್ಲೆತ್ತುವ ಕ್ರೇನು ತರಿಸಿದೆವು. ಅಕ್ಕ ಕೆಳಗಿಳಿದು, ಒದೆಯುವ ಎತ್ತಿನ ಹೊಟ್ಟೆಯ ಕೆಳಗೆ ಪಟ್ಟಿ ತೂರಿಸಿದರು. ಒಂದು ಎತ್ತು ಚೆನ್ನಾಗಿ ಮೇಲೆ ಬಂತು. ಇನ್ನೊಂದರ ಸೊಂಟವೇ ಮುರಿದಿತ್ತು. ನಾನು ನೋಡಿದ ಕೂಡಲೇ ಹೇಳಿದೆ, ಇದು ಏಳುವುದಿಲ್ಲ, ನರಳಿಸುವುದು ಬೇಡ. ಅಕ್ಕ ಒಪ್ಪಲಿಲ್ಲ. ಎರಡು ದಿನ ನನ್ನೊಡನೆ ಜಗಳವಾಡಿದರು. ಮೂರನೆಯ ದಿನ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೀವು ಹೇಳಿದ್ದೇ ಖರೆ ಡಾಕ್ಟರ್ ಸಾಬ್, ಮಾಡ್ರಿ ಎಂದರು. ಸೂಜಿ ಚುಚ್ಚಿದವನು ನಾನು. ಅದರ ಕಣ್ಣು ಮುಚ್ಚಿದವರು ಅವರು.

ಅಷ್ಟು ಹೊತ್ತಿಗೆ ಉಳಿದ ಎತ್ತನ್ನು ನೋಡಲು ಊರೇ ನೆರೆದಿತ್ತು. ಅಕ್ಕನಿಗೆ ಶಾಲು ಹೊದಿಸಲು ಯಾರೋ ಬಂದರು. ಅಕ್ಕ ಆ ಕಡೆ ನೋಡಲೂ ಇಲ್ಲ. ಎತ್ತಿನವನ ಮನೆಗೆ ಹೋಗಿ, ಖಾಲಿ ಬಿದ್ದ ಗೂಟ ನೋಡುತ್ತ ಕೂತಿದ್ದ ಮುದುಕಿಯ ಪಕ್ಕ ಕೂತು, ಸಂಜೆಯವರೆಗೆ ಅವರೆಕಾಯಿ ಸುಲಿದುಕೊಟ್ಟು ಬಂದರು. ಉಳಿದವು ತಮ್ಮ ಮೇವು ತಾವು ನೋಡಿಕೊಳ್ಳುತ್ತವೆ, ಕಳೆದುಕೊಂಡವರ ಮನೆಗೆ ಹೋಗಬೇಕು ಎಂಬುದು ಅವರ ಮಾತು.

ಇಷ್ಟೆಲ್ಲ ಹೇಳಿದರೂ ಅಕ್ಕ ಎಂದರೆ ನನ್ನ ಕಣ್ಣ ಮುಂದೆ ಬರುವುದು ಮನೂರ್ ಕಡೆಯ ಒಂದು ಹಳ್ಳಿಯ ಹೊಳೆದಂಡೆ.

ಅಲ್ಲಿ ಒಂದು ಮನೆ ಪಾಲಾಗಿತ್ತು. ಅಣ್ಣ ತೀರಿಕೊಂಡಿದ್ದ. ಅವನ ಹೆಂಡತಿಗೆ ದಿಬ್ಬದ ಮೇಲಿನ ಹೊಲ ಬಂತು, ಮೈದುನನಿಗೆ ಹೊಳೆಯ ಕಡೆಯ ಹೊಲ ಮತ್ತು ದನಗಳು. ಅತ್ತಿಗೆ ಕೈಯಾರೆ ಹಾಲೂಡಿಸಿ ಬೆಳೆಸಿದ ಚಂದ್ರಿ ಎಂಬ ಆಕಳೂ ಮೈದುನನ ಪಾಲಿಗೆ ಹೋಯಿತು. ಒಂದು ವರ್ಷ ಆ ಚಂದ್ರಿಯೇ ಹಗ್ಗ ಹರಿದುಕೊಂಡು ದಿಬ್ಬದ ಹೊಲ ಮೇಯ್ದಿತು. ಅತ್ತಿಗೆ ಅದನ್ನು ಹಿಡಿದು ತನ್ನ ಮನೆ ಮುಂದೆ ಕಟ್ಟಿಕೊಂಡಳು. ಬೆಳೆ ಮೇಯ್ದ ದನವನ್ನು ಹೊಲದವರು ಹಾಗೆ ಕಟ್ಟಿಕೊಳ್ಳುವುದು, ದನದವರು ಬಂದು ತಪ್ಪೊಪ್ಪಿ ಬಿಡಿಸಿಕೊಳ್ಳುವುದು ಅಲ್ಲಿಯ ನಡೆ. ಮೈದುನ ತಪ್ಪೊಪ್ಪಲಿಲ್ಲ, ಪಂಚಾಯ್ತಿಯವರನ್ನು ಕರೆತಂದು ಬಿಡಿಸಿಕೊಂಡು ಹೋದ. ಅವತ್ತಿನಿಂದ ಹಗ್ಗ ಬಿಟ್ಟು ಎಲ್ಲ ದನಕ್ಕೂ ಸರಪಳಿ ಹಾಕಿ ಬೀಗ ಜಡಿದ. ಬೀಗದ ಕೈ ಅವನ ಉಡದಾರದಲ್ಲಿ. ಆ ಸಲ ಅಕ್ಕ ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ಕರೆಸಿದಾಗ, ಇಬ್ಬರೂ ವಿಭೂತಿ ಮುಟ್ಟಲಿಲ್ಲ. ಊರಲ್ಲಿ ಉಳಿದವರೆಲ್ಲ ಮುಟ್ಟಿದ್ದರು. ಅಕ್ಕ ಜೀಪಿನಲ್ಲಿ ದಾರಿಯುದ್ದಕ್ಕೂ ಉಗುರು ಕಚ್ಚುತ್ತ ಬಂದರು.

ಶ್ರಾವಣ ಕಳೆದ ಮೇಲೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ನಾವು ಬೆಳಿಗ್ಗೆ ಹೋಗುವ ಹೊತ್ತಿಗೆ ಹೊಳೆ ಹೆಸರುಕಾಳಿನ ಹೊಲಗಳನ್ನು ದಾಟಿ ಕೆಳಗೇರಿಗೆ ಬಂದಿತ್ತು. ಜನ ಶಾಲೆ ಸೇರಿದ್ದರು. ಮಾತು ಕೊಟ್ಟಂತೆ ದನ ಬಿಚ್ಚಿದ್ದರು, ಆದರೆ ಬಿಚ್ಚಿದ ದನಗಳು ಎಲ್ಲಿಗೂ ಹೋಗಿರಲಿಲ್ಲ. ಬಂಡಿದಾರಿಯಲ್ಲಿ ಸೆಳೆತ ಹರಿಯುತ್ತಿತ್ತು, ಉಳಿದ ಒಂದೇ ಏರು ಅತ್ತಿಗೆಯ ಹೊಲ, ಅದಕ್ಕೆ ಜಾಲಿಮುಳ್ಳಿನ ಬೇಲಿ. ದನಗಳೆಲ್ಲ ಹೆದರಿ ಮೈದುನನ ಕೊಟ್ಟಿಗೆಯ ಎತ್ತರದ ಕಟ್ಟೆಗೆ ಬಂದು ಒತ್ತಿಕೊಂಡು ನಿಂತಿದ್ದವು. ನಡುವೆ ಅವನವು, ಸರಪಳಿಯಲ್ಲಿ. ಸುತ್ತಲೂ ನೀರು ಸೊಂಟದವರೆಗೆ. ಕೊಟ್ಟಿಗೆಯ ಮಣ್ಣಿನ ಗೋಡೆ ಆಗಲೇ ಹಸಿ ಏರಿ ಉಬ್ಬಿತ್ತು.

ಮೈದುನ ಗೊಬ್ಬರ ತರಲು ನಾರಾಯಣಖೇಡಕ್ಕೆ ಹೋಗಿದ್ದ. ನಡುವಿನ ಹಳ್ಳ ಬಂದು ದಾರಿ ಕಡಿದಿತ್ತು, ಫೋನೂ ಹತ್ತುತ್ತಿರಲಿಲ್ಲ. ಅವನ ಹೆಂಡತಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ದಂಡೆಯಲ್ಲಿ ನಿಂತಿದ್ದಳು. ಬೀಗ ಮುರಿದವನ ಕೈ ಮುರಿಯುತ್ತೇನೆ ಎಂದು ಅವನು ಊರ ಮುಂದೆ ಹೇಳಿದ್ದು ಎಲ್ಲರಿಗೂ ಗೊತ್ತಿತ್ತು. ನಾನು ಅಕ್ಕನಿಗೆ, ಏನು ಕೇಳುವುದಿದೆ, ಕತ್ತರಿಸಿ ಎಂದೆ. ಅಕ್ಕ ಅವಳ ಮುಂದೆ ಹೋಗಿ ನಿಂತರು.

“ಅವ್ರು ಬಿಚ್ಚಬ್ಯಾಡ ಅಂದಾರ್ರಿ,” ಎಂದಳು ಅವಳು.

“ಅಂವ ಅಲ್ಲಿ ಇದ್ದಾನ, ನೀ ಇಲ್ಲಿ ಇದ್ದಿ. ಸರಪಳಿ ಕಡೀಲೇನು, ಬ್ಯಾಡೇನು? ಬಾಯಿ ಬಿಟ್ಟು ಹೇಳವಾ, ಎಲ್ಲಾರಿಗಿ ಕೇಳಂಗ.”

ಅವಳು ಕೂಸಿನ ತಲೆಯ ಮೇಲೆ ಕೈ ಇಟ್ಟುಕೊಂಡಳು. “ಕಡೀರಿ,” ಎಂದಳು. ಧ್ವನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿತು.

ಅಕ್ಕನ ಸೊಂಟಕ್ಕೆ ಹಗ್ಗ ಕಟ್ಟಿ ಈ ತುದಿಯನ್ನು ನಾನೂ ಊರಿನ ಇಬ್ಬರೂ ಹಿಡಿದೆವು. ಸೆಳೆತ ಅವರನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಎರಡು ಸಲ ಮುಳುಗಿ ಎದ್ದರು. ಕಟ್ಟೆ ಮುಟ್ಟಿ, ಒಂದೊಂದೇ ಸರಪಳಿ ಕಡಿದರು. ಕಡಿದ ಸದ್ದು ನಮಗೆ ಕೇಳುತ್ತಿತ್ತು. ಆದರೆ ದನಗಳು ಕದಲಲಿಲ್ಲ. ಬಡಿದರು, ತಳ್ಳಿದರು, ಬಾಲ ತಿರುವಿದರು. ಹೆದರಿದ ದನ ನಿಂತ ನೆಲವನ್ನು ಬಿಡುವುದಿಲ್ಲ, ಮುಂದೆ ಒಂದು ನಡೆಯದಿದ್ದರೆ ಹಿಂದಿನವು ನಡೆಯುವುದಿಲ್ಲ. ಗೋಡೆಯ ಒಂದು ಮೂಲೆ ಧೊಪ್ಪೆಂದು ನೀರಿಗೆ ಬಿತ್ತು. ಹೊರಗೆ ಬನ್ನಿ ಎಂದು ಕೂಗಿದೆ, ಹಗ್ಗ ಜಗ್ಗಿದೆ. ಅವರು ಕಂಬ ಹಿಡಿದು ನಿಂತರು.

ಅತ್ತಿಗೆ ಮೇಲೆ ತನ್ನ ಹೊಲದ ಬೇಲಿಯ ಹಿಂದೆ ನಿಂತಿದ್ದಳು. ಹಿಂದೆ ಎದೆಮಟ್ಟ ತೊಗರಿ. ಅದೇ ಅವಳ ವರ್ಷದ ಅನ್ನ, ಬೇರೆ ಏನೂ ಇರಲಿಲ್ಲ. ನಾನು ಅವಳಿಗೆ ಬೇಲಿ ತೆಗೆ ಎಂದು ಗದರಿದೆ. ಅವಳು ನನ್ನ ಕಡೆ ನೋಡಲಿಲ್ಲ, ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕ ನೀರಿನ ಆ ಕಡೆಯಿಂದ ಕೂಗಿದರು.

“ಚಂದ್ರಿ ನಿನ್ನ ಕೈಯಾಗ ಬೆಳದದ್ದಂತಲ್ಲವಾ. ನೀ ಕರದ್ರ ಬರ್ತದೇನು?”

“ಬರ್ತದ.”

“ಕರೀತಿಯೇನು?”

ಅವಳು ಹಿಂದೆ ತಿರುಗಿ ಬೆಳೆಯನ್ನು ನೋಡಿದಳು. “ಕರದ್ರ ನನ್ನ ತೊಗರಿ ಹೋಗ್ತದ.”

ಸರ್ಕಾರ ಪರಿಹಾರ ಕೊಡುತ್ತದೆ, ನಾನೇ ಬರೆದುಕೊಡುತ್ತೇನೆ ಎಂದು ನಾನು ಕೂಗತೊಡಗಿದೆ. ಅಕ್ಕ ಅಲ್ಲಿಂದಲೇ ನನಗೆ, ಸುಮ್ಮನೆ ನಿಂದ್ರಿ ಡಾಕ್ಟರ್ ಸಾಬ್, ಸಿಗುತ್ತದೋ ಇಲ್ಲವೋ ನಿಮಗೆ ಗೊತ್ತಿಲ್ಲ ಎಂದು ಬೈದರು. ಆಮೇಲೆ ಅವಳಿಗೆ ಹೇಳಿದರು.

“ಹೌದವಾ, ಹೋಗ್ತದ. ಪೂರಾ ಹೋಗ್ತದ.”

ನನಗೆ ಮೈಯೆಲ್ಲ ಉರಿಯಿತು. ಜೀವ ಹೋಗುವ ಹೊತ್ತಿನಲ್ಲಿ ಒಂದು ಸುಳ್ಳು ಹೇಳಿದರೆ ಇವರ ಗಂಟು ಏನು ಹೋಗುತ್ತಿತ್ತು? ನೀರು ಕಟ್ಟೆಯ ಮೇಲೂ ಏರಿ ಅವರ ಮೊಣಕಾಲು ದಾಟಿತ್ತು. ಹಗ್ಗ ಹಿಡಿದ ನನ್ನ ಕೈ ಮರಗಟ್ಟಿತ್ತು.

ಅತ್ತಿಗೆ ಬಗ್ಗಿ ಬರಿಗೈಯಲ್ಲಿ ಜಾಲಿಮುಳ್ಳು ಎಳೆಯತೊಡಗಿದಳು. ಒಂದು ಕೊಂಬೆ, ಇನ್ನೊಂದು ಕೊಂಬೆ. ಯಾರೋ ನೆರವಿಗೆ ಹೋದರೆ ಮೊಣಕೈಯಿಂದ ತಳ್ಳಿದಳು. ಬಂಡಿ ಹಾಯುವಷ್ಟು ಬಾಯಿ ಮಾಡಿ, ಅದರ ನಡುವೆ ನಿಂತು, ಸೆರಗು ಹಿಂದಕ್ಕೆ ಸರಿಸಿ ಕರೆದಳು.

“ಚಂದ್ರೀ, ಬಾ. ಬಾ ನನ್ನವ್ವಾ, ಬಾ ಬಾ.”

ಕಟ್ಟೆಯ ನಡುವಿನಿಂದ ಒಂದು ಬಿಳಿಯ ತಲೆ ಎದ್ದಿತು. ಕಿವಿ ನಿಮಿರಿತು. ಇನ್ನೊಮ್ಮೆ ಕರೆದಳು. ಚಂದ್ರಿ ಮುಂದಿನ ಎಮ್ಮೆಯನ್ನು ಕೋಡಿನಿಂದ ಒತ್ತಿ ಜಾಗ ಮಾಡಿಕೊಂಡು ನೀರಿಗೆ ಇಳಿಯಿತು. ಒಂದು ಕ್ಷಣ ಮೂಗು ಮಾತ್ರ ಕಂಡಿತು. ಆಮೇಲೆ ಅದರ ಹಿಂದೆ ಒಂದು ಎತ್ತು, ಎಮ್ಮೆಗಳು, ಕರುಗಳು, ಕೆಳಗೇರಿಯ ದನವೆಲ್ಲ. ನೀರು ಬಿಟ್ಟು ಮೇಲೆ ಬಂದದ್ದೇ ತಡ, ಬೇಲಿಯ ಬಾಯಿಯಲ್ಲಿ ನುಗ್ಗಿ ತೊಗರಿಯನ್ನು ತುಳಿಯುತ್ತ ದಿಬ್ಬ ಹತ್ತಿದವು. ಎದೆಮಟ್ಟದ ಬೆಳೆ ನಾವು ನೋಡನೋಡುತ್ತ ಕೆಸರಾಯಿತು. ಅತ್ತಿಗೆ ಬೇಲಿಯ ಬಾಯಿಯ ಪಕ್ಕಕ್ಕೆ ಸರಿದು ನಿಂತು, ಕೊನೆಯ ಕರು ಹತ್ತುವವರೆಗೂ ಕರೆಯುತ್ತಲೇ ಇದ್ದಳು.

ಅಕ್ಕನನ್ನು ಎಳೆದು ತಂದೆವು. ಹಿಂದೆಯೇ ಕೊಟ್ಟಿಗೆ ಪೂರಾ ಕೂತಿತು. ಅಕ್ಕ ಕುಡಿದಿದ್ದ ಕೆಂಪು ಹೊಳೆನೀರು ಕಾರಿದರು, ಬಾಯಿ ತೊಳೆದರು. ದಿಬ್ಬದ ಮೇಲೆ ಹೆಂಗಸರು ದನಗಳಿಗೆ ಕುಂಕುಮ ಹಚ್ಚುತ್ತಿದ್ದರು, ಅಳುತ್ತಿದ್ದರು, ಅಕ್ಕನನ್ನು ಕರೆಯುತ್ತಿದ್ದರು. ಅಕ್ಕ ಆ ಕಡೆ ಹೋಗಲಿಲ್ಲ. ಒದ್ದೆ ಸೀರೆಯಲ್ಲೇ ಅತ್ತಿಗೆಯ ಹೊಲದ ಬದುವಿಗೆ ಹೋಗಿ, ಅವಳ ಪಕ್ಕ ಕೂತು, ಅವಳ ಅಂಗೈ ತಮ್ಮ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯತೊಡಗಿದರು. ನಾನು ಚಿಮಟ ತಂದುಕೊಟ್ಟೆ. ಬೈಯಬೇಕೆಂದು ಬಂದವನು ಅವರು ತೆಗೆದ ಮುಳ್ಳು ಆರಿಸುತ್ತ ಕೂತೆ. ಅವತ್ತು ಅಕ್ಕನ ಮೇಲೆ ನನಗಿದ್ದದ್ದು ಸಿಟ್ಟಲ್ಲ, ಅಂಜಿಕೆ ಎಂದು ಈಗ ಗೊತ್ತಾಗುತ್ತದೆ. ಆಕೆ ಹೋಗಿಬಿಟ್ಟರೆ ಎಂಬ ಅಂಜಿಕೆ.

ಹೊತ್ತು ಇಳಿಯುವ ಮೊದಲೇ ಮೈದುನ ಬಂದ, ಯಾರದೋ ಟ್ರ್ಯಾಕ್ಟರಿನಲ್ಲಿ ಸುತ್ತು ಹಾಕಿಕೊಂಡು. ಕೊಟ್ಟಿಗೆ ಇದ್ದ ಜಾಗ ನೋಡಿದ. ಹೆಂಡತಿ ಏನು ಹೇಳಿದಳೋ, ದಿಬ್ಬ ಹತ್ತಿ ದನಗಳ ನಡುವೆ ಸ್ವಲ್ಪ ಹೊತ್ತು ಓಡಾಡಿದ. ಆಮೇಲೆ ಚಂದ್ರಿಯ ಕೊರಳಿಗೆ ಹಗ್ಗ ಹಾಕಿ ಹಿಡಿದುಕೊಂಡು ನಮ್ಮ ಕಡೆಗೇ ಬಂದ. ಮುಖ ಕಪ್ಪಿಟ್ಟಿತ್ತು. ನಾನು ಎದ್ದು ಅಕ್ಕನ ಮುಂದೆ ನಿಂತೆ. ಅವನು ನನ್ನನ್ನು ಬಳಸಿಕೊಂಡು ಹೋಗಿ, ಬದುವಿನ ಹೊರಗೆ ಚಪ್ಪಲಿ ಬಿಟ್ಟು, ಅಲ್ಲಿದ್ದ ಬೇವಿನ ಗಿಡಕ್ಕೆ ಚಂದ್ರಿಯನ್ನು ಕಟ್ಟಿದ. ತಲೆ ಎತ್ತಲಿಲ್ಲ.

“ಬೆಳಿ ತಿಂದದ, ಅತ್ತಿಗಿ. ಕಟ್ಕೋ.”

ಅತ್ತಿಗೆ ಅವನನ್ನು ನೋಡಿದಳು, ಆಕಳನ್ನು ನೋಡಿದಳು.

“ಕಟ್ಕೊಂಡು ಏನ್ ಹಾಕ್ಲಿ? ನನ್ನ ಹೊಲದಾಗ ಒಂದ್ ಕಡ್ಡಿ ಉಳಿಸ್ಯಾವೇನು ನಿನ್ನ ದನ?”

“ಮೇವು ನಾ ತರ್ತೀನಿ.”

“ದಿನಾ ತರಬೇಕು.”

“ದಿನಾ ತರ್ತೀನಿ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಅತ್ತಿಗೆ ಎದ್ದು ಸೀರೆ ಕೊಡವಿ, ಮುಳ್ಳು ತೆಗೆದ ಕೈಗಳನ್ನು ಒಮ್ಮೆ ಮಡಚಿ ನೋಡಿ, ಅಕ್ಕನ ಕಡೆ ತಿರುಗಿ, ಮುಂಜಾನೆಯಿಂದ ಏನಾದರೂ ಉಂಡಿಯೇನವಾ ಎಂದು ಕೇಳಿದಳು.

ಗಣಿಯಲ್ಲಿ ಅಳದ, ಹೆದ್ದಾರಿಯಲ್ಲಿ ಹೆದರದ ಅಕ್ಕ ಆ ಒಂದು ಮಾತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಹಿಕ್ಕಿ ಹಿಕ್ಕಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತಿಗೆ ಮನೆಗೆ ಹೋಗಿ ಜೋಳದ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ ತಂದು ಒಂದೇ ತಾಟಿನಲ್ಲಿಟ್ಟಳು. ಇಬ್ಬರೂ ಬದುವಿನ ಮೇಲೆ ಕೂತು ಉಂಡರು, ನನಗೂ ಒಂದು ರೊಟ್ಟಿ ಕೊಟ್ಟರು.

ನಾವು ಇನ್ನೂ ಉಣ್ಣುತ್ತಿರುವಾಗಲೇ ಮೈದುನ ತಲೆಯ ಮೇಲೆ ಒಣ ಜೋಳದ ಕಣಿಕೆಯ ಹೊರೆ ಹೊತ್ತು ಬಂದ. ಅವನ ಬಣವೆ ಹೊಳೆಗೆ ಹೋಗಿತ್ತು. ಯಾರ ಮುಂದೆಯೂ ಕೈ ಚಾಚದ ಮನುಷ್ಯ ಮೇಲಿನ ಕೇರಿಯ ಮನೆಮನೆಗೆ ಹೋಗಿ, ಅತ್ತಿಗೆಯ ಬೆಳೆ ಮೇಯ್ದ ಆಕಳನ್ನು ಅವಳಲ್ಲೇ ಕಟ್ಟಿದ್ದೇನೆ, ಒಂದು ಹಿಡಿ ಮೇವು ಕೊಡಿ ಎಂದು ಬೇಡಿ ತಂದಿದ್ದ.